ಡಾಕ್ಟರ್ ಸರೋಜಿನಿ ಮಹಿಷಿ: ವರದಿಯೊಂದರ ಹಿಂದಿನ ಬಾಳು

ಕನ್ನಡಿಗರಿಗೆ ಉದ್ಯೋಗ ದೊರೆಯಬೇಕೆಂಬ ಕೂಗು ನಮ್ಮ ನಾಡಿನಲ್ಲಿ ಎದ್ದಾಗಲೆಲ್ಲ ಒಂದು ಹೆಸರು ಅದರೊಡನೆ ಬಂದೇ ಬರುತ್ತದೆ. ಮಹಿಷಿ ವರದಿಯನ್ನು ಜಾರಿಗೆ ತರಬೇಕೆಂಬ ಫಲಕವಿಲ್ಲದ ಕನ್ನಡ ಮೆರವಣಿಗೆಯನ್ನು ಕಂಡವರು ವಿರಳ. 2020ನೆಯ ಇಸವಿ ಫೆಬ್ರವರಿ 13ರಂದು ಇದನ್ನೇ ಮುಖ್ಯ ಬೇಡಿಕೆಯಾಗಿಟ್ಟುಕೊಂಡು ಕರ್ನಾಟಕ ಬಂದ್ ಆಚರಿಸಿದುದನ್ನು ವಾಚಕರು ಮರೆತಿರಲಾರರು. ಆದರೆ ಆ ಹೆಸರು ಯಾರದು, ಆಕೆ ಯಾವ ಸೀಮೆಯವರು, ಯಾವ ಸಭೆಯಲ್ಲಿ ಎಷ್ಟು ವರ್ಷ ಕುಳಿತು ಏನು ಕೆಲಸ ಮಾಡಿದರು ಎಂದು ಕೇಳಿದರೆ, ಫಲಕ ಹಿಡಿದವರಲ್ಲಿಯೇ ಬಹುಮಂದಿ ನಿರುತ್ತರರಾಗುತ್ತಾರೆ. ಇದು ಕೃತಘ್ನತೆಯ ಮಾತು ಮಾತ್ರವೇ ಆಗಿದ್ದ ಪಕ್ಷದಲ್ಲಿ ನಾವು ಇಷ್ಟು ಸ್ಥಳವನ್ನು ಇದಕ್ಕೆ ಮೀಸಲಿಡುತ್ತಿರಲಿಲ್ಲ. ಡಾಕ್ಟರ್ ಸರೋಜಿನಿ ಮಹಿಷಿಯವರ ಬಾಳನ್ನು ಬಲ್ಲವರಿಗೆ ಅವರ ವರದಿಯು ನಿಂತಲ್ಲಿಯೇ ಏಕೆ ನಿಂತಿತೆಂಬುದೂ, ಅದು ಸಾಗಬೇಕಾದ ದಾರಿ ಯಾವುದೆಂಬುದೂ ತಾನಾಗಿಯೇ ಗೋಚರಿಸುತ್ತದೆ.

ಆಕೆಯ ಜನನ 1927ನೆಯ ಇಸವಿ ಮಾರ್ಚಿ 3ರಂದು, ಅಂದಿನ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ. ಆ ಸೀಮೆಯ ಕನ್ನಡಿಗರಿಗೆ ಆಗ ಕನ್ನಡವು ಮನೆಯ ಭಾಷೆ. ಕಚೇರಿಯ ಮತ್ತು ಮೇಲಿನ ವಿದ್ಯೆಯ ಭಾಷೆಗಳು ಬೇರೆ. ಮರಾಠಿಯ ಮತ್ತು ಇಂಗ್ಲೀಷಿನ ನಡುವೆ ಸಿಕ್ಕಿಬಿದ್ದು ಕನ್ನಡಕ್ಕಾಗಿ ಹೋರಾಡಿದ ಜನರ ನಡುವೆ ಬೆಳೆದವರಿಗೆ ಭಾಷೆಯೆಂಬುದು ಭಾವನೆಯ ವಿಷಯ ಮಾತ್ರವಲ್ಲ, ಅನ್ನದ ವಿಷಯವೂ ಹೌದೆಂಬುದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಸ್ತ್ರೀಯರು ಸಾರ್ವಜನಿಕ ಕಾರ್ಯಕ್ಕೆ ಇಳಿಯುವುದೂ ಆ ಸೀಮೆಗೆ ಹೊಸತಲ್ಲ. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರರವರು ಸ್ವಾತಂತ್ರ್ಯ ಸಮರಕ್ಕಾಗಿ ಸ್ವಯಂಸೇವಿಕೆಯರ ದಳಗಳನ್ನು ಕಟ್ಟಿದ್ದರು. ಕರಾವಳಿಯ ಕಡೆ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಷ್ಟು ಹಿಂದೆಯೇ ಮದರಾಸು ಶಾಸನಸಭೆಗೆ ಉಮೇದುವಾರರಾಗಿ ನಿಂತು ಅಲ್ಪ ಮತಗಳಿಂದ ಸೋತಿದ್ದರು.

ಸರೋಜಿನಿಯವರು ಸಂಸ್ಕೃತವನ್ನೂ ಕಾನೂನನ್ನೂ ಅಭ್ಯಾಸ ಮಾಡಿದರು. ಪಾಠ ಹೇಳಿದರು, ವಕೀಲಿಯನ್ನೂ ಕೈಕೊಂಡರು, ಕವಿತೆಗಳನ್ನು ಬರೆದರು. ಕರ್ನಾಟಕದ ಕವಯಿತ್ರಿಯರ ವಿಷಯವಾಗಿ ಒಂದು ಗ್ರಂಥವನ್ನೂ ರಚಿಸಿದರು. ಪಂಡಿತರ ಪೀಠದಲ್ಲಿ ಕುಳಿತು ಕೀರ್ತಿಯನ್ನು ಸಂಪಾದಿಸಬಹುದಾಗಿದ್ದವರು ಚುನಾವಣೆಯ ಧೂಳಿಗೆ ಇಳಿದರೆಂಬುದೇ ಗಮನಾರ್ಹವಾದ ಸಂಗತಿ.

1962ರ ಮಹಾ ಚುನಾವಣೆಯಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಕಾಂಗ್ರೆಸ್ಸಿನ ಪರವಾಗಿ ಆಕೆ ನಿಂತರು. ಅದು ಸಾಮಾನ್ಯ ಕ್ಷೇತ್ರವಲ್ಲ. 1952ರಲ್ಲಿಯೂ 1957ರಲ್ಲಿಯೂ ಅಲ್ಲಿಂದ ಗೆದ್ದುಹೋಗಿದ್ದವರು ಕೇಂದ್ರ ಸರ್ಕಾರದಲ್ಲಿ ಆರೋಗ್ಯಮಂತ್ರಿಗಳಾಗಿದ್ದ ಡಿ. ಪಿ. ಕರಮರಕರರು. ಅಂಥವರ ಸ್ಥಾನಕ್ಕೆ ಮೂವತ್ತೈದು ವರ್ಷದ ಒಬ್ಬ ವಿದುಷಿಯನ್ನು ಜನರು ಆರಿಸಿ ಕಳುಹಿಸಿದರು. ಏಕೀಕೃತ ಮೈಸೂರು ರಾಜ್ಯದಿಂದ ಲೋಕಸಭೆಯನ್ನು ಪ್ರವೇಶಿಸಿದ ಪ್ರಥಮ ಮಹಿಳೆಯೆಂಬ ಗೌರವ ಹೀಗೆ ಧಾರವಾಡಕ್ಕೆ ಸಂದಿತು. ನೆರೆಯ ಸಿಂಹಳದಲ್ಲಿ ಸಿರಿಮಾವೋ ಬಂಡಾರನಾಯಕೆಯವರು ಪ್ರಧಾನಿಯಾಗಿ ಆಗ ಎರಡು ವರ್ಷಗಳಷ್ಟೇ ಆಗಿದ್ದುವು. ಇಂದಿರಾ ಗಾಂಧಿಯವರು ಆ ಪದವಿಗೆ ಬರುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದುವು. ಹೆಂಗಸು ದೇಶದ ಕಾರುಬಾರನ್ನು ನಡೆಯಿಸಬಲ್ಲಳೆಂಬ ಮಾತನ್ನು ಗಂಭೀರವಾಗಿ ಎಣಿಸದಿದ್ದ ಗಂಡಸರ ಸಂಖ್ಯೆ ಆ ಕಾಲಕ್ಕೆ ಕಡಮೆಯದಾಗಿರಲಿಲ್ಲ.

ಒಂದು ಸಲದ ಗೆಲುವು ಅದೃಷ್ಟವೆನ್ನಬಹುದು. ಆದರೆ ಧಾರವಾಡದವರು ಆಕೆಯನ್ನು 1967ರಲ್ಲಿಯೂ 1971ರಲ್ಲಿಯೂ 1977ರಲ್ಲಿಯೂ ಮತ್ತೆ ಮತ್ತೆ ಕಳುಹಿಸಿದರು. ಇವುಗಳಲ್ಲಿ 1971ರ ಚುನಾವಣೆಯ ಸಂದರ್ಭವನ್ನು ನೆನೆಯಬೇಕು. 1969ರಲ್ಲಿ ಕಾಂಗ್ರೆಸ್ಸು ಇಬ್ಭಾಗವಾದಾಗ ಇಂದಿರಾ ಗಾಂಧಿಯವರ ಎದುರುಪಕ್ಷದ ನಾಯಕರಾಗಿ ನಿಂತವರು ಕರ್ನಾಟಕದವರೇ ಆದ ಎಸ್. ನಿಜಲಿಂಗಪ್ಪನವರು. ಮೈಸೂರಿನ ಸರ್ಕಾರವೂ ಅವರ ಕಡೆಯದೇ ಆಗಿತ್ತು. ಊರಿನ ಗಾಳಿ ಒಂದು ಕಡೆ ಬೀಸುತ್ತಿದ್ದಾಗ ಸರೋಜಿನಿಯವರು ದೆಹಲಿಯ ಪಕ್ಷವನ್ನು ಹಿಡಿದರು. 1971ರಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಅವರ ಪಕ್ಷಕ್ಕೇ ದೊರೆತುವು.

ಇಂದಿರಾ ಗಾಂಧಿಯವರ ಸರ್ಕಾರದಲ್ಲಿ ಅವರು ಪ್ರವಾಸ ಮತ್ತು ನಾಗರಿಕ ವಿಮಾನಯಾನದ ಇಲಾಖೆಯಲ್ಲಿಯೂ, ಆ ಮೇಲೆ ನ್ಯಾಯ ಮತ್ತು ಕಂಪೆನಿ ವ್ಯವಹಾರಗಳ ಇಲಾಖೆಯಲ್ಲಿಯೂ ರಾಜ್ಯಮಂತ್ರಿಗಳಾಗಿದ್ದರು. ರಾಜ್ಯಮಂತ್ರಿಯೆಂದರೆ ಹಿರಿಯ ಮಂತ್ರಿಯ ನೆರಳಿನಲ್ಲಿ ನಿಂತು ಸಭೆಯ ಪ್ರಶ್ನೆಗಳಿಗೆ ಉತ್ತರ ಹೇಳುವ ಶ್ರಮದ ಕೆಲಸ. ಜಯಘೋಷ ಬೇರೆಯವರಿಗೆ ಸಲ್ಲುತ್ತದೆ. ಇಲ್ಲಿ ಒಂದು ಅಪ್ರಿಯವಾದ ಮಾತನ್ನೂ ಆಡದೆ ನಿರ್ವಾಹವಿಲ್ಲ. 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿಯ ಘೋಷಣೆಯಾಗಿ, ಪ್ರಜೆಗಳ ಮೂಲಭೂತ ಹಕ್ಕುಗಳು ಮೂಲೆಗೆ ಬಿದ್ದು, ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಾಗ ಆಕೆ ನ್ಯಾಯದ ಇಲಾಖೆಯಲ್ಲಿಯೇ ಇದ್ದರು. ಕಾನೂನನ್ನು ಓದಿದವರು ಆಗ ಎದ್ದು ಹೊರಗೆ ನಡೆದಿದ್ದರೆ ಅವರ ಚರಿತ್ರೆಗೆ ಇನ್ನಷ್ಟು ಹೊಳಪು ಬರುತ್ತಿತ್ತೆಂದು ನಮ್ಮ ಅಭಿಪ್ರಾಯ. ಪತ್ರಿಕಾವೃತ್ತಿಯವರು ಈ ಮಾತನ್ನು ಮುಚ್ಚಿಡುವುದು ಸಲ್ಲದು. ಆದರೂ 1977ರಲ್ಲಿ ಉತ್ತರ ಹಿಂದೂಸ್ಥಾನವೆಲ್ಲ ಕಾಂಗ್ರೆಸ್ಸನ್ನು ಕಿತ್ತೊಗೆದಾಗ ಕರ್ನಾಟಕವು ತನ್ನ 28 ಸ್ಥಾನಗಳಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟಿತು; ಧಾರವಾಡವೂ ಅವರನ್ನು ಕೈಬಿಡಲಿಲ್ಲ.

1980ರಲ್ಲಿ ಅವರ ಲೋಕಸಭೆಯ ದಿನಗಳು ಮುಗಿದುವು. ಅನಂತರ ರಾಜ್ಯಸಭೆಯಲ್ಲಿ ಕುಳಿತರು. ಪದವಿ ತಪ್ಪಿದ ರಾಜಕಾರಣಿಗಳು ಸಾಮಾನ್ಯವಾಗಿ ಇಲ್ಲಿಗೆ ಮರೆಯಾಗುತ್ತಾರೆ. ಮಹಿಷಿಯವರ ಹೆಸರು ಮನೆಮನೆಗೆ ಮುಟ್ಟಿದುದು ಇಲ್ಲಿಂದ ಮುಂದೆ.

ಆ ಕಾಲದ ಸನ್ನಿವೇಶವನ್ನು ಸ್ವಲ್ಪ ವಿಶದಪಡಿಸಬೇಕು. ಬೆಂಗಳೂರಿನ ಸುತ್ತ ಹಿಂದೂಸ್ಥಾನ್ ಏರ್‌ಕ್ರಾಫ್ಟ್ 1940ರಲ್ಲಿಯೂ, ಟೆಲಿಫೋನ್ ಕಾರ್ಖಾನೆ 1948ರಲ್ಲಿಯೂ, ಗಡಿಯಾರಗಳಿಂದ ಮನೆಮಾತಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ 1953ರಲ್ಲಿಯೂ, ಭಾರತ್ ಎಲೆಕ್ಟ್ರಾನಿಕ್ಸ್ ಮರುವರ್ಷವೂ ತಲೆಯೆತ್ತಿದುವು. ನೆಲ ನಮ್ಮದು, ನೀರು ನಮ್ಮದು, ವಿದ್ಯುಚ್ಛಕ್ತಿ ನಮ್ಮದು. ಜವಾನನ ಮತ್ತು ಗುಮಾಸ್ತೆಯ ಕೆಲಸಕ್ಕೂ ಹೊರಗಿನಿಂದ ಜನರು ಬರುತ್ತಾರೆಂಬ ದೂರು ಬಹುಕಾಲದಿಂದ ಇತ್ತು. 1982ರಲ್ಲಿ ಗೋಕಾಕ್ ವರದಿಯ ಪರವಾದ ಚಳವಳಿಗೆ ನಟ ರಾಜಕುಮಾರ್‌ರವರು ಧುಮುಕಿದಾಗ ಶಾಲೆಯ ಭಾಷೆಗಾಗಿ ಎದ್ದ ಕೂಗು ಕಾರ್ಖಾನೆಯ ಬಾಗಿಲಿಗೂ ಬಂತು. 1983ರ ಆರಂಭದಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರವು ಅಧಿಕಾರಕ್ಕೆ ಬಂದು, ಕನ್ನಡಿಗರ ಉದ್ಯೋಗದ ಪ್ರಶ್ನೆಯನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿ ಮಹಿಷಿಯವರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಕವಿ ಗೋಪಾಲಕೃಷ್ಣ ಅಡಿಗರು ಅದರ ಸದಸ್ಯರಲ್ಲೊಬ್ಬರು. ಒಂದು ರಾಜ್ಯ ಸರ್ಕಾರವು ಸ್ಥಳೀಯರ ಉದ್ಯೋಗದ ವಿಚಾರಣೆಗೆಂದೇ ಇಂಥ ಸಮಿತಿಯನ್ನು ಕೂಡಿಸಿದುದು ದೇಶದಲ್ಲಿ ಅದೇ ಮೊದಲೆಂದು ಹೇಳುತ್ತಾರೆ.

1984ರಲ್ಲಿ ಮಧ್ಯಂತರ ವರದಿಯೂ 1986ರಲ್ಲಿ ಪೂರ್ಣ ವರದಿಯೂ ಸರ್ಕಾರದ ಕೈಸೇರಿದುವು. ಒಟ್ಟು 58 ಶಿಫಾರಸುಗಳು. ಅವುಗಳಲ್ಲಿ 45ನ್ನು ಒಪ್ಪಿದುದಾಗಿ ಸರ್ಕಾರ ಸಾರಿತು. ರಾಜ್ಯದ ಉದ್ದಿಮೆಗಳಲ್ಲಿ ಎಲ್ಲ ಕೆಲಸಗಳೂ ಕನ್ನಡಿಗರಿಗೆ ಸಲ್ಲಬೇಕು. ಇಲ್ಲಿರುವ ಕೇಂದ್ರ ಸರ್ಕಾರದ ಕಚೇರಿ ಕಾರ್ಖಾನೆಗಳಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯ ಎಲ್ಲ ಕೆಲಸಗಳೂ, ‘ಬಿ’ ದರ್ಜೆಯಲ್ಲಿ ನೂರಕ್ಕೆ 80, ‘ಎ’ ದರ್ಜೆಯಲ್ಲಿ ನೂರಕ್ಕೆ 65 ಅವರಿಗೆ ಸಲ್ಲಬೇಕು ಎಂಬುದು ಅದರ ತಿರುಳು. ಒಪ್ಪುವುದು ಸುಲಭ, ಒಪ್ಪಿದುದನ್ನು ನಡೆಯಿಸುವುದು ಬೇರೆ. ಸರ್ಕಾರಗಳು ಬಂದುವು, ಹೋದುವು. 2017ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದವರು ಆ ವರದಿಯನ್ನು ಕಾಲಕ್ಕೆ ತಕ್ಕಂತೆ ಪರಿಷ್ಕರಿಸಿ ಮತ್ತೊಮ್ಮೆ ಸರ್ಕಾರಕ್ಕೆ ಒಪ್ಪಿಸಿದರು. ವರದಿಯ ಮೇಲೆ ವರದಿ ಬರೆಯುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ!

ಮಹಿಷಿಯವರ ವಿಷಯದಲ್ಲಿ ಕೆಲವರಿಗೆ ಒಂದು ವಿರೋಧಾಭಾಸ ಕಾಣುತ್ತದೆ. ಕನ್ನಡಿಗರ ಹಕ್ಕಿನ ಸನ್ನದನ್ನು ಬರೆದ ಕೈಯೇ ಹಿಂದಿಗೂ ದುಡಿಯಿತು. ಪಾರ್ಲಿಮೆಂಟಿನ ಸದಸ್ಯರ ಹಿಂದೀ ಪರಿಷತ್ತಿಗೆ ಆಕೆ ಅಧ್ಯಕ್ಷರಾಗಿದ್ದರು. ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ವನ್ನು ಹಿಂದಿಗೆ ಪರಿವರ್ತಿಸಿದರು. ಕನ್ನಡದ ಅಭಿಮಾನಿಗಳಲ್ಲಿ ಕೆಲವರು ಈ ಸಂಗತಿಯನ್ನು ಮರೆಯಲು ಇಚ್ಛಿಸುತ್ತಾರೆ, ಹಿಂದಿಯ ಅಭಿಮಾನಿಗಳು ವರದಿಯನ್ನು ಮರೆಯಲು ಇಚ್ಛಿಸುತ್ತಾರೆ. ನಮಗೆ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ. ಮುಳಬಾಗಿಲಿನ ಗುಂಡಪ್ಪನವರನ್ನು ಕಾಶಿಯ ಓದುಗನ ಮುಂದೆ ನಿಲ್ಲಿಸುವುದು ಕನ್ನಡದ ಸೇವೆಯಲ್ಲದೆ ಮತ್ತೇನು? ಪರಭಾಷೆಯನ್ನು ಕಲಿಯುವುದು ಒಂದು, ಪರಭಾಷೆ ಬಾರದುದಕ್ಕಾಗಿ ತನ್ನ ನೆಲದಲ್ಲಿಯೇ ಅನ್ನ ತಪ್ಪುವುದು ಇನ್ನೊಂದು. ಆಕೆ ಮೊದಲನೆಯದನ್ನು ಪ್ರೀತಿಯಿಂದ ಮಾಡಿದರು, ಎರಡನೆಯದನ್ನು ಪ್ರತಿಭಟಿಸಿದರು.

ಈಗ ವರದಿಯು ಏಕೆ ನಿಂತಿತೆಂಬ ಪ್ರಶ್ನೆ. ಇಚ್ಛಾಶಕ್ತಿಯಿಲ್ಲವೆಂಬುದು ಎಲ್ಲರೂ ಹೇಳುವ ಉತ್ತರ. ಅದು ಅರ್ಧ ನಿಜ. ಉಳಿದರ್ಧ ರಾಜ್ಯಾಂಗದಲ್ಲಿದೆ. ಸರ್ಕಾರಿ ನೌಕರಿಯಲ್ಲಿ ಹುಟ್ಟಿದ ಸ್ಥಳದ ಅಥವಾ ವಾಸದ ಕಾರಣದಿಂದ ಯಾವ ಪ್ರಜೆಗೂ ಭೇದ ಮಾಡಕೂಡದೆಂದು 16ನೆಯ ವಿಧಿಯ ಎರಡನೆಯ ಖಂಡವು ಹೇಳುತ್ತದೆ. ವಾಸದ ನಿಬಂಧನೆಯನ್ನು ಹಾಕಬೇಕಾದರೆ ಅದಕ್ಕೆ ಪಾರ್ಲಿಮೆಂಟೇ ಶಾಸನ ಮಾಡಬೇಕೆಂದು ಮೂರನೆಯ ಖಂಡವು ಹೇಳುತ್ತದೆ. ವಿಧಾನಸೌಧಕ್ಕೆ ಆ ಅಧಿಕಾರವಿಲ್ಲ. 1957ರಲ್ಲಿ ಪಾರ್ಲಿಮೆಂಟು ಇಂಥ ಒಂದು ಶಾಸನವನ್ನು ಮಾಡಿದಾಗಲೂ ತೆಲಂಗಾಣವೇ ಮೊದಲಾದ ಕೆಲವು ಪ್ರದೇಶಗಳಿಗೆ ಮಾತ್ರ ವಿನಾಯಿತಿಯಿತ್ತು, ಉಳಿದೆಡೆ ವಾಸದ ನಿಬಂಧನೆಗಳನ್ನು ರದ್ದುಮಾಡಿತು. ತೆಲಂಗಾಣದ ವಿನಾಯಿತಿಯನ್ನು 1969ರಲ್ಲಿ ಸುಪ್ರೀಮ್ ಕೋರ್ಟು ತೆಗೆದುಹಾಕಿತು. ಆಗ ಆಂಧ್ರದವರು ಏನು ಮಾಡಿದರು? ಬೀದಿಯಲ್ಲಿ ಕೂಗಿದರು, ನಿಜ. ಆದರೆ ಆ ಕೂಗನ್ನು ದೆಹಲಿಗೆ ಒಯ್ದರು. 1973ರಲ್ಲಿ ರಾಜ್ಯಾಂಗಕ್ಕೇ 32ನೆಯ ತಿದ್ದುಪಡಿಯಾಗಿ 371-ಡಿ ಎಂಬ ಹೊಸ ವಿಧಿ ಸೇರಿತು. ಸ್ಥಳೀಯರಿಗೆ ಸ್ಥಳೀಯ ಹುದ್ದೆಗಳೆಂಬ ವ್ಯವಸ್ಥೆ ಅದರಿಂದ ಊರ್ಜಿತವಾಯಿತು. ಆ ತಿದ್ದುಪಡಿಯು ನಡೆದಾಗ ಕೇಂದ್ರದ ಮಂತ್ರಿಮಂಡಲದಲ್ಲಿ ನಮ್ಮ ಮಹಿಷಿಯವರೂ ಇದ್ದರೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಆಕೆಗೆ ದಾರಿ ತಿಳಿಯದೆ ಇರಲಿಲ್ಲ.

ನಮ್ಮ ನಾಡಿಗೂ ಆ ದಾರಿ ಅಪರಿಚಿತವಲ್ಲ. ಕಲಬುರಗಿ, ಬೀದರ, ರಾಯಚೂರುಗಳ ಸೀಮೆಯವರು ದಶಕಗಳ ಕಾಲ ಪಟ್ಟುಹಿಡಿದು ನಿಂತುದರ ಫಲವಾಗಿ 98ನೆಯ ತಿದ್ದುಪಡಿಯಿಂದ 371-ಜೆ ವಿಧಿಯು ದೊರೆತು, ಆ ಜಿಲ್ಲೆಗಳ ಉದ್ಯೋಗದಲ್ಲಿಯೂ ವಿದ್ಯಾಭ್ಯಾಸದಲ್ಲಿಯೂ ಸ್ಥಳೀಯರಿಗೆ ಪಾಲು ಸಿಕ್ಕಿತು. ಹೀಗಿರುವಲ್ಲಿ ರಾಜ್ಯದ 28 ಮಂದಿ ಲೋಕಸಭಾ ಸದಸ್ಯರು ಮಹಿಷಿ ವರದಿಯ ಹೆಸರನ್ನು ಚುನಾವಣೆಯ ಕಾಲದಲ್ಲಿ ಉಚ್ಚರಿಸಿ, ದೆಹಲಿಯ ರೈಲು ಹತ್ತಿದ ಮೇಲೆ ಮರೆಯುವುದಕ್ಕೆ ಏನು ಸಮಾಧಾನ ಹೇಳುತ್ತಾರೆ? ಆ ವರದಿಯನ್ನು ಬರೆದವರು ನಾಲ್ಕು ಸಲ ಲೋಕಸಭೆಗೆ ಹೋದವರು. ಅದರ ಮುಕ್ತಾಯವೂ ಅಲ್ಲಿಯೇ ಆಗಬೇಕಾದುದು.

ಖಾಸಗಿ ಕಾರ್ಖಾನೆಗಳ ಮಾತು ಬೇರೆ. ಸಮಿತಿಯು ಕುಳಿತ ಕಾಲದಲ್ಲಿ ಉದ್ಯೋಗವೆಂದರೆ ಮುಖ್ಯವಾಗಿ ಸರ್ಕಾರಿ ಉದ್ಯೋಗ. 1991ರ ತರುವಾಯ ಕಾಲ ತಿರುಗಿತು. ಹರಿಯಾಣದವರು ಖಾಸಗಿ ಕೆಲಸಗಳಲ್ಲಿ ನೂರಕ್ಕೆ 75ನ್ನು ಸ್ಥಳೀಯರಿಗೆಂದು ಶಾಸನ ಮಾಡಿದರು. 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ಅಸಿಂಧುವೆಂದು ತೀರ್ಪಿತ್ತಿತು. ಕರ್ನಾಟಕದ ಮಂತ್ರಿಮಂಡಲವು 2024ರ ಜುಲೈ ತಿಂಗಳಲ್ಲಿ ಆಡಳಿತದ ಹುದ್ದೆಗಳಲ್ಲಿ ನೂರಕ್ಕೆ 50, ಇತರ ಹುದ್ದೆಗಳಲ್ಲಿ ನೂರಕ್ಕೆ 70 ಎಂಬ ಮಸೂದೆಯನ್ನು ಒಪ್ಪಿತು. ಕಂಪೆನಿಗಳವರು ಹುಯಿಲೆಬ್ಬಿಸಿದರು. ಕೆಲವೇ ದಿನಗಳೊಳಗಾಗಿ ಮಸೂದೆಯನ್ನು ತಡೆಹಿಡಿಯಲಾಯಿತು.

ಇದೆಲ್ಲವೂ ದೂರದ ಬೆಂಗಳೂರಿನ ಮಾತೆಂದು ನಮ್ಮ ನಾಲ್ಕು ತಾಲ್ಲೂಕುಗಳವರು ತಿಳಿಯಬಾರದು. ಬೆಂಗಳೂರು ಗ್ರಾಮಾಂತರವೆಂಬ ಜಿಲ್ಲೆಯು ಹುಟ್ಟಿದುದೇ 1986ರಲ್ಲಿ, ಮಹಿಷಿಯವರು ಪೂರ್ಣ ವರದಿಯನ್ನು ಒಪ್ಪಿಸಿದ ವರ್ಷದಲ್ಲಿ. ಆಗ ಇಲ್ಲಿ ದೊಡ್ಡಬಳ್ಳಾಪುರದ ಮಗ್ಗದ ಸದ್ದು, ದೇವನಹಳ್ಳಿಯ ಚಕ್ಕೋತ, ರಾಗಿ ಹೊಲ, ದ್ರಾಕ್ಷಿ ತೋಟ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನಗಳು ಇಳಿಯತೊಡಗಿದುವು. ವಿಮಾನಯಾನದ ಇಲಾಖೆಯಲ್ಲಿ ಒಂದು ಕಾಲಕ್ಕೆ ಮಂತ್ರಿಯಾಗಿದ್ದ ಮಹಿಷಿಯವರು ಅದನ್ನು ಕಂಡುಹೋದರು. ದಾಬಸ್‌ಪೇಟೆಯಲ್ಲಿ ಕೈಗಾರಿಕಾ ಪ್ರದೇಶ, ಹೊಸಕೋಟೆಯಲ್ಲಿ ಮೋಟಾರು ಮತ್ತು ಯಂತ್ರಗಳ ಕಾರ್ಖಾನೆಗಳು, ಈಚೆಗೆ ದೇವನಹಳ್ಳಿ ದೊಡ್ಡಬಳ್ಳಾಪುರಗಳ ನಡುವೆ ಫಾಕ್ಸ್‌ಕಾನ್ ಎಂಬ ತೈವಾನಿನ ಕಂಪೆನಿಯ ದೂರವಾಣಿ ಕಾರ್ಖಾನೆ. ಈ ಕೊನೆಯದರಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ನೆಲವನ್ನು ಕೊಟ್ಟವರು ನಮ್ಮ ರೈತರು. ಕೊಡಲೊಲ್ಲೆವೆಂದು ಪಟ್ಟು ಹಿಡಿದವರೂ ಉಂಟು. ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈ 15ರಂದು ಸರ್ಕಾರವು ಕೈಬಿಟ್ಟಿತು. ಮೂರು ವರ್ಷಕ್ಕೂ ಮಿಕ್ಕಿ ಅವರು ಹೋರಾಡಿದ್ದರು. ರೈತನು ನೆಲವನ್ನು ಬಿಡಲೊಲ್ಲದುದಕ್ಕೆ ಕಾರಣ ಹಲವು. ಕೊಟ್ಟ ಮೇಲೆ ಮಗನಿಗೋ ಮಗಳಿಗೋ ಅದೇ ನೆಲದ ಮೇಲೆ ಎಂಥ ಕೆಲಸ ಸಿಕ್ಕೀತೆಂಬ ಸಂದೇಹ ಅವುಗಳಲ್ಲಿ ಒಂದು.

ಕೈಗಾರಿಕಾ ನೀತಿಯ ಕಾಗದದಲ್ಲಿ ಮಾತು ಚೆನ್ನಾಗಿಯೇ ಇತ್ತು. 2020ರಿಂದ 25ರವರೆಗಿನ ನೀತಿಯ ಪ್ರಕಾರ ಸರ್ಕಾರದ ರಿಯಾಯಿತಿಗಳನ್ನು ಪಡೆಯುವ ಕಾರ್ಖಾನೆಗಳು ಒಟ್ಟಿನಲ್ಲಿ ನೂರಕ್ಕೆ 70 ಮಂದಿ ಕನ್ನಡಿಗರನ್ನೂ, ‘ಡಿ’ ದರ್ಜೆಗೆ ಎಲ್ಲರೂ ಕನ್ನಡಿಗರನ್ನೇ ತೆಗೆದುಕೊಳ್ಳಬೇಕು. ಈ ಶೇಕಡಾವಾರಿನಲ್ಲಿ ಒಂದು ಕಂಡಿಯಿದೆ. ಬಾಗಿಲು ಕಾಯುವವನು, ಕಸ ಗುಡಿಸುವವಳು, ಸಾಮಾನು ಹೊರುವವನು, ಇವರಲ್ಲಿ ಬಹುಮಂದಿ ಕಾರ್ಖಾನೆಯ ನೌಕರರೇ ಅಲ್ಲ, ಗುತ್ತಿಗೆದಾರನ ಜನ. ಗುತ್ತಿಗೆದಾರನು ಬದಲಾದರೆ ಕೆಲಸವೂ ಹೋಗುತ್ತದೆ. ಇಂಥವರನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ನೂರಕ್ಕೆ 70ನ್ನು ತೋರಿಸುವುದು ಯಾವ ಕಂಪೆನಿಗೂ ಕಷ್ಟವಲ್ಲ. ಬಿಟ್ಟರೆ, ಉಳಿದ ಖಾಯಂ ಹುದ್ದೆಗಳಲ್ಲಿ ನಮ್ಮವರೆಷ್ಟು ಮಂದಿಯೆಂದು ಕೇಳುವವರಿಲ್ಲ. 1986ರ ವರದಿಯು ದರ್ಜೆ ದರ್ಜೆಗೂ ಬೇರೆ ಬೇರೆ ಪ್ರಮಾಣವನ್ನು ಹೇಳಿದುದರ ಮರ್ಮ ಇದು. ಮೇಲಿನ ‘ಎ’ ದರ್ಜೆಗೂ ನೂರಕ್ಕೆ 65 ಎಂದು ಅದು ಬರೆಯಿತು. ಕೆಳಗಿನ ಕೆಲಸವನ್ನು ಕೊಟ್ಟು ಕೈತೊಳೆದುಕೊಳ್ಳಲು ಅವಕಾಶ ಕೊಡಲಿಲ್ಲ.

ಪ್ರಸಂಗವಶಾತ್ ಇನ್ನೊಂದು ಮಾತು. 1962ರಲ್ಲಿ ಧಾರವಾಡವು ತೋರಿಸಿದ ಧೈರ್ಯವನ್ನು ನಮ್ಮ ಕಡೆಯವರು ತೋರಿಸಿದ್ದೇವೆಯೆ? ಈ ಜಿಲ್ಲೆಗೇ ಸೇರಿದ್ದ ಕನಕಪುರದ ಹೆಸರಿನ ಕ್ಷೇತ್ರದಲ್ಲಿ 2004ರಲ್ಲಿ ತೇಜಸ್ವಿನಿಯವರು ಮಾಜಿ ಪ್ರಧಾನಿ ದೇವೇಗೌಡರನ್ನು ಸೋಲಿಸಿ ಲೋಕಸಭೆಗೆ ಹೋದರು. ದೇಶವೇ ಬೆರಗಾಗಿ ನೋಡಿದ ಗೆಲುವು ಅದು. ಅನಂತರ ಕ್ಷೇತ್ರಗಳನ್ನು ಮತ್ತೆ ಹಂಚಿದರು. ಬೆಂಗಳೂರು ಗ್ರಾಮಾಂತರವೆಂಬ ಹೊಸ ಲೋಕಸಭಾ ಕ್ಷೇತ್ರ ಬಂತು. ವಿನೋದವೇನೆಂದರೆ, ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಒಂದೂ ಅದರಲ್ಲಿಲ್ಲ. ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿದುವು. ಆ ಕ್ಷೇತ್ರದಿಂದ 1977ರ ಲಾಗಾಯಿತು 2024ರ ಚುನಾವಣೆಯವರೆಗೆ ಒಬ್ಬ ಮಹಿಳೆಯೂ ಲೋಕಸಭೆಗೆ ಹೋಗಿಲ್ಲ. 2024ರಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಮಹಿಳೆಯರು ಗೆದ್ದುದು ಮೂರು. ಮಹಿಳೆಯರಿಗೆ ಮೂರನೆಯ ಒಂದು ಭಾಗವನ್ನು ಮೀಸಲಿಡುವ ತಿದ್ದುಪಡಿಯನ್ನು ಪಾರ್ಲಿಮೆಂಟು 2023ರಲ್ಲಿ ಅಂಗೀಕರಿಸಿತಾದರೂ, ಜನಗಣತಿಯೂ ಕ್ಷೇತ್ರಗಳ ಮರುವಿಂಗಡಣೆಯೂ ಆದ ಮೇಲೆ ಎಂಬ ಬಾಲವನ್ನು ಅದಕ್ಕೆ ಕಟ್ಟಿತು.

ಮಹಿಷಿಯವರು 2015ನೆಯ ಇಸವಿ ಜನವರಿ 25ರಂದು, ದೆಹಲಿಯ ಮಗ್ಗುಲಿನ ಗಾಜಿಯಾಬಾದಿನಲ್ಲಿ ತಮ್ಮ 87ನೆಯ ವಯಸ್ಸಿನಲ್ಲಿ ಕಾಲವಾದರು. ವರದಿಯನ್ನು ಒಪ್ಪಿಸಿ ಆಗ ಇಪ್ಪತ್ತೆಂಟು ವರ್ಷಗಳಾಗಿದ್ದುವು. ಪತ್ರಿಕೆಗಳು ಸಂತಾಪ ಸೂಚಿಸಿದುವು, ಮಂತ್ರಿಗಳು ಹೇಳಿಕೆ ಕೊಟ್ಟರು.

ರಾಜ್ಯಾಂಗದ ತಿದ್ದುಪಡಿಗೆ ಕಾಲ ಹಿಡಿಯುವುದೆಂಬುದನ್ನು ನಾವು ಬಲ್ಲೆವು. ಆದರೆ ನಮ್ಮ ಜಿಲ್ಲೆಯ ಅಧಿಕಾರಿಗಳಿಂದಲೇ ಆಗಬಹುದಾದ ಒಂದು ಕೆಲಸವಿದೆ. 1966ರಿಂದ ರೈತರ ಭೂಮಿಯನ್ನು ಪಡೆದು ಕಾರ್ಖಾನೆಗಳಿಗೆ ಹಂಚುತ್ತಿರುವ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಯಾವ ಕಂಪೆನಿಗೆ ಎಷ್ಟು ಎಕರೆಯನ್ನು ಕೊಟ್ಟಿತು, ಸ್ಥಳೀಯರ ಉದ್ಯೋಗದ ವಿಷಯದಲ್ಲಿ ಯಾವ ನಿಬಂಧನೆಯನ್ನು ವಿಧಿಸಿತು, ಆ ಕಂಪೆನಿಯ ಖಾಯಂ ನೌಕರರಲ್ಲಿ ಪ್ರತಿಯೊಂದು ದರ್ಜೆಗೂ ಕನ್ನಡಿಗರೆಷ್ಟು, ಗುತ್ತಿಗೆಯವರೆಷ್ಟು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ತಯಾರಿಸಿ ನಾಲ್ಕು ತಾಲ್ಲೂಕು ಕಚೇರಿಗಳ ಗೋಡೆಗೆ ಅಂಟಿಸುವುದು. ಇದಕ್ಕೆ ಹೈಕೋರ್ಟಿನ ಭಯವಿಲ್ಲ, ದೆಹಲಿಯ ಅಪ್ಪಣೆಯೂ ಬೇಕಾಗಿಲ್ಲ. ಮೊದಲನೆಯ ಪಟ್ಟಿ ಯಾವ ತಾಲ್ಲೂಕಿನಿಂದ ಹೊರಡುವುದೋ ಅದನ್ನು ಇದೇ ಪುಟದಲ್ಲಿ ಪೂರ್ತಿಯಾಗಿ ಅಚ್ಚು ಹಾಕಲು ನಾವು ಸಿದ್ಧರಾಗಿದ್ದೇವೆ.